ಹೊಸ ಕೋಣೆಗೆ ಯಾವ ನೆಲ?

ಸಾಗರದ ಹತ್ತಿರ ಇರೋ ನಮ್ಮ ಹಳ್ಳಿ ಮನೆಗೆ ಒಂದು ಕೋಣೆ ಸೇರಿಸ್ತಾ ಇದ್ದೇವೆ. ಅಪ್ಪನಿಗೆ ಮಂಡಿ ಆಪರೇಶನ್ ಆದಮೇಲೆ ಉಪ್ಪರಿಗೆ ಹತ್ತೋದು ಕಷ್ಟ. ಹಾಗಾಗಿ ಜಗುಲಿ ಪಕ್ಕದಲ್ಲೇ 12 ಅಡಿಗೆ 14 ಅಡಿ ಕೋಣೆ, ಅದಕ್ಕೇ ಅಂಟಿಕೊಂಡು ಬಚ್ಚಲು. ಗೋಡೆ, ಮಾಡು, ಕಿಟಕಿ ಎಲ್ಲಾ ಜಗಳವಿಲ್ಲದೇ ಮುಗೀತು. ನೆಲದ ವಿಷಯ ಬಂದಾಗ ಮನೆಯಲ್ಲಿ ಮೂರು ಪಕ್ಷ ಆಯ್ತು ನೋಡಿ :)

ಅಮ್ಮನಿಗೆ ಕನ್ನಡಿ ಥರ ಹೊಳೆಯೋ ವಿಟ್ರಿಫೈಡ್ ಟೈಲ್ಸ್ ಬೇಕು. ಒಂದು ಸಲ ಒರೆಸಿದ್ರೆ ಸಾಕಂತೆ. ಅಪ್ಪನಿಗೆ ಹಳೇ ಮನೆ ಹಾಗೇ ಕೆಂಪು ನೆಲ, ಅಂದ್ರೆ ರೆಡ್ ಆಕ್ಸೈಡ್. ನಾನು ಬೆಂಗಳೂರಲ್ಲಿ ಕೂತು ಎಕ್ಸೆಲ್ ಶೀಟ್ ಮಾಡಿದೆ (ಅಭ್ಯಾಸ ಬಲ!). ಗ್ರಾನೈಟು, ಶಹಾಬಾದ್ ಕಲ್ಲು, ಕಡಪ, ಟೈಲ್ಸ್... ಚದರಡಿಗೆ ಎಷ್ಟು, ಕೂಲಿ ಎಷ್ಟು. ಕೊನೆಗೆ 'ಜಾರುತ್ತಾ?' ಅಂತ ಒಂದು ಕಾಲಮ್ ಸೇರಿಸಿದ್ದೇ ತಡ, ಉಳಿದ ಕಾಲಮ್ಮುಗಳಿಗೆ ಬೆಲೆಯೇ ಇಲ್ಲವಾಯ್ತು.

ಕೆಂಪು ನೆಲ ನನಗೂ ಇಷ್ಟವೇ. ಬೇಸಗೆ ಮಧ್ಯಾಹ್ನ ಊಟ ಮುಗಿಸಿ ಚಾಪೆ ಇಲ್ಲದೇ ಅದರ ಮೇಲೆ ಮಲಗಿದವರಿಗೆ ಅದರ ಸುಖ ಗೊತ್ತು. ಆದರೆ ಮೇಸ್ತ್ರಿ ತಲೆ ಅಲ್ಲಾಡಿಸಿದ್ರು. ಹೊಸದಾಗಿ ಮಣ್ಣು ತುಂಬಿದ ಜಾಗ ಸ್ವಲ್ಪ ಕುಸಿದರೂ ಬಿರುಕು ಬಿಡತ್ತೆ. ತೇಪೆ ಹಾಕಿದ್ರೆ ಬಣ್ಣ ಕೂಡಲ್ಲ. ಇಡೀ ಕೋಣೆ ಒಂದೇ ಸಲಕ್ಕೆ ತಿಕ್ಕಿ ಮುಗಿಸಬೇಕು, ಆಮೇಲೆ ವಾರಗಟ್ಟಲೆ ನೀರು ನಿಲ್ಲಿಸಬೇಕು. ಟೈಲ್ಸ್ ಆದ್ರೆ ಒಡೆದದ್ದನ್ನಷ್ಟೇ ಕಿತ್ತು ಬೇರೆ ಕೂರಿಸಬಹುದು. ನಮ್ಮ ಹಳೇ ನೆಲ ತಿಕ್ಕಿದವರು ಈಗಿಲ್ಲ. ಅವರ ಮಗ ಟೈಲ್ಸ್ ಕೆಲಸ ಮಾಡ್ತಾರೆ.

ಅಷ್ಟಕ್ಕೂ ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕೆಂಪು ನೆಲವೂ ಬೆವರುತ್ತೆ, ಜಾರುತ್ತೆ. ಆಗ ನಾವು ದಾರಿಯುದ್ದಕ್ಕೂ ಗೋಣಿಚೀಲ ಹಾಸ್ತೇವೆ. ವಾಕರ್ ಹಿಡಿದು ನಡೆಯುವವರಿಗೆ ಆ ಗೋಣಿಚೀಲವೇ ಅಪಾಯ.

ಅಪ್ಪನನ್ನೂ ಕರಕೊಂಡು ಶಿವಮೊಗ್ಗದ ಟೈಲ್ಸ್ ಅಂಗಡಿಗೆ ಹೋದೆ. "ಇದು ನೀರು ಹೀರೋದು ಅರ್ಧ ಪರ್ಸೆಂಟಿಗಿಂತ ಕಮ್ಮಿ ಸಾರ್" ಅಂತ ಅಂಗಡಿಯವರು ಶುರು ಮಾಡಿದ್ರು. ಕಲೆ ಕೂರಲ್ಲ, ಸರಿ. ಆದರೆ ಒಳಗೆ ಹೋಗದ ನೀರು ಮೇಲೇ ತಾನೇ ಇರೋದು? ಒಂದು ಹೊಳೆಯೋ ಟೈಲು, ಒಂದು ಮ್ಯಾಟ್ ಫಿನಿಶ್ ಟೈಲು ನೆಲದ ಮೇಲೆ ಇಡಿಸಿ, ಒಂದು ಚೊಂಬು ನೀರು ಕೇಳಿ ಎರಡರ ಮೇಲೂ ಸುರಿದೆ. ಅಂಗಡಿ ಹುಡುಗರು ನಗ್ತಾ ಇದ್ರು. ಅಪ್ಪ ಚಪ್ಪಲಿ ಬಿಟ್ಟು, ನನ್ನ ಹೆಗಲು ಹಿಡಕೊಂಡು ಹೊಳೆಯೋದರ ಮೇಲೆ ಕಾಲಿಟ್ಟವರು ತಕ್ಷಣ ಹಿಂದೆ ತೆಗೆದ್ರು. ಹೆಗಲ ಮೇಲಿನ ಬೆರಳು ಬಿಗಿಯಾಗಿದ್ದು ನನಗೆ ಗೊತ್ತಾಯ್ತು. ಮ್ಯಾಟ್ ಮೇಲೆ ಸುಮಾರು ಹೊತ್ತು ನಿಂತ್ರು. "ಇದು ಕಾಲು ಹಿಡಿಯತ್ತೆ ಮಾರಾಯ" ಅಂದ್ರು. ಕೆಂಪು ನೆಲದ ಮಾತು ಮತ್ತೆ ಎತ್ತಲಿಲ್ಲ.

ಬಣ್ಣ ಬೂದಿ. ಕೆಂಪು ಟೈಲ್ಸ್ ಬೇಡ ಅಂದಿದ್ದು ನಾನೇ. ಹಳೇ ನೆಲದ ಪಕ್ಕ ಅದು ನಾಟಕದ ವೇಷದ ಥರ ಕಾಣ್ತಿತ್ತು. ಎರಡಡಿ ಅಂತ ಕರೆಯೋ ಟೈಲು ನಿಜಕ್ಕೆ 60 ಸೆಂಟಿಮೀಟರ್, ಅಂದ್ರೆ ಎರಡಡಿಗೆ ಸುಮಾರು ಒಂದು ಸೆಂಟಿಮೀಟರ್ ಕಮ್ಮಿ. 42ರ ಲೆಕ್ಕ 44ಕ್ಕೆ ಹೋಗತ್ತೆ. ಒಡೆಯೋದಕ್ಕೆ, ಮುಂದಕ್ಕೆ ಅಂತ ಸೇರಿಸಿ 48 ತಂದೆವು.

ಜಗುಲಿಗೂ ಕೋಣೆಗೂ ಅರ್ಧ ಇಂಚು ವ್ಯತ್ಯಾಸ ಬಂದರೂ ವಾಕರ್ ತಾಗತ್ತೆ. ಅದಕ್ಕೇ ಮೇಸ್ತ್ರಿ ನೀರು ತುಂಬಿದ ಪೈಪು ಹಿಡಿದು ಮಟ್ಟ ಗುರುತು ಹಾಕಿಟ್ಟಿದ್ದಾರೆ. ಆ ಬಾಗಿಲಿಗೆ ಹೊಸಿಲೇ ಬೇಡ ಅಂದಾಗ ಅಮ್ಮ ತಕರಾರು ಮಾಡ್ತಾರೆ ಅಂದುಕೊಂಡಿದ್ದೆ, ಮಾಡಲಿಲ್ಲ. ಟೈಲ್ಸ್ ಬಿಚ್ಚಿದಾಗ ಮಾತ್ರ ಮುಖ ಸಣ್ಣ ಮಾಡಿಕೊಂಡ್ರು. "ಇದು ಸಿಮೆಂಟ್ ನೆಲದ ಹಾಗೇ ಇದೆ. ಇದರಲ್ಲಿ ಕೊಳೆ ಕೂತ್ರೆ ತಿಕ್ಕೋದು ಯಾರು, ನೀನು ಬೆಂಗಳೂರಿಂದ ಬರ್ತೀಯಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಡುಗೆಮನೆ ಗೋಡೆಗೆ ಹೊಳೆಯೋ ಟೈಲ್ಸ್ ಹಾಕಿಸೋದು ಅಂತ ಮಾತಾಗಿದೆ.