ಅತಿವಾಹಕವೂ ಅರಿವಿನ ಒರೆಗಲ್ಲೂ

ಶಬ್ದದ ಅರ್ಥವನ್ನು ಪ್ರಕರಣದಿಂದ ತಿಳಿಯಬೇಕೆಂದು ಮಠದ ಪಾಠಶಾಲೆಯಲ್ಲಿ ನಮ್ಮ ಗುರುಗಳು ಬೋಧಿಸುತ್ತಿದ್ದರು. ಆ ಮಾತಿಗೆ ಭೌತವಿಜ್ಞಾನದಲ್ಲಿ ಒಂದು ಸೊಗಸಾದ ನಿದರ್ಶನವಿದೆ. ‘ಉಚ್ಚತಾಪದ ಅತಿವಾಹಕ’ವೆಂದು ವಿಜ್ಞಾನಿಗಳು ಕರೆಯುವ ವಸ್ತು ಕೆಲಸ ಮಾಡುವುದು ಕುಲುಮೆಯ ಕಾವಿನಲ್ಲಲ್ಲ, ಸೊನ್ನೆಗಿಂತ ಸುಮಾರು 180 ಡಿಗ್ರಿ ಕೆಳಗಿನ ಶೀತದಲ್ಲಿ! ಇದು ಉಚ್ಚವಾದುದು ಹೇಗೆ?

ವಿದ್ಯುತ್ತು ತಂತಿಯಲ್ಲಿ ಹರಿಯುವಾಗ ಅದರ ಒಂದಂಶ ಶಾಖವಾಗಿ ವ್ಯರ್ಥವಾಗುತ್ತದೆ. ತಂತಿಯು ಒಡ್ಡುವ ಈ ಅಡ್ಡಿಗೆ ರೋಧವೆಂದು ಹೆಸರು. 1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ಸ್ ಅವರು ಪಾದರಸವನ್ನು ಸೊನ್ನೆಗಿಂತ ಸುಮಾರು 269 ಡಿಗ್ರಿ ಕೆಳಕ್ಕೆ ತಣಿಸಿದಾಗ ಅದರ ರೋಧವು ಹಠಾತ್ತನೆ ಇಲ್ಲವಾಯಿತು. ಇದೇ ಅತಿವಾಹಕತೆ. ಆದರೆ ಅಂತಹ ಶೀತಕ್ಕೆ ಬಹು ದುಬಾರಿಯಾದ ದ್ರವ ಹೀಲಿಯಂ ಬೇಕು. 1986ರಲ್ಲಿ ಸ್ವಿಟ್ಜರ್ಲೆಂಡಿನ ಬೆಡ್ನೋರ್ಜ್ ಮತ್ತು ಮ್ಯೂಲರ್ ತಾಮ್ರದ ಆಕ್ಸೈಡುಗಳಲ್ಲಿ ಹೊಸ ದಾರಿ ತೆರೆದರು. ಮರುವರ್ಷವೇ ನೊಬೆಲ್ ಪಾರಿತೋಷಕ ಪಡೆದರು. 1987ರ ಆರಂಭದಲ್ಲಿ ಅಮೆರಿಕದಲ್ಲಿ ಯಿಟ್ರಿಯಂ, ಬೇರಿಯಂ, ತಾಮ್ರಗಳ ಆಕ್ಸೈಡು ಸೊನ್ನೆಗಿಂತ 180 ಡಿಗ್ರಿ ಕೆಳಗೇ ಅತಿವಾಹಕವಾಯಿತು. ಅದಕ್ಕೆ ಅಗ್ಗದ ದ್ರವ ಸಾರಜನಕವೇ ಸಾಕು. ಅದರ ತಾಪ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಹಿಂದಿನದಕ್ಕೆ ಹೋಲಿಸಿದರೆ ಇದು ಉಚ್ಚವೇ ಸರಿ.

ದ್ರವ ಸಾರಜನಕವು ನಮ್ಮ ಮಲೆನಾಡಿನ ಮನೆಗಳಿಗೆ ಅಪರಿಚಿತವಲ್ಲ. ಹಸುಗಳ ಕೃತಕ ಗರ್ಭಧಾರಣೆಗೆಂದು ಪಶು ಆಸ್ಪತ್ರೆಯಲ್ಲಿಟ್ಟಿರುವ ಕ್ಯಾನಿನ ಮುಚ್ಚಳ ತೆರೆದಾಗ ಬಿಳಿಯ ಆವಿ ಹೊಮ್ಮುವುದನ್ನು ಅನೇಕರು ಕಂಡಿದ್ದಾರೆ. ಅದು ಹೊಗೆಯಲ್ಲ, ಗಾಳಿಯ ತೇವವೇ ತಣಿದು ಹನಿಗಟ್ಟಿದುದು. ದೇವರಮನೆಯ ಕಾಲಭೈರವೇಶ್ವರನ ಗುಡಿಯನ್ನು ಮುಸುಕುವ ಮಂಜೂ ಅದೇ ಜಾತಿಯದು.

ದೇವರಮನೆಯ ಸಮೀಪದ ಕಾಫಿ ತೋಟದ ಮನೆಯೊಂದರ ಮಗ ಬೆಂಗಳೂರಿನಲ್ಲಿ ಈ ವಿಷಯದಲ್ಲಿಯೇ ಸಂಶೋಧನೆ ನಡೆಸುತ್ತಿದ್ದಾನೆ. ಆತನ ಪ್ರಯೋಗಶಾಲೆಯನ್ನು ನಾವು ನೋಡಿಬಂದೆವು. ಪುಡಿಗಳನ್ನು ಖಲ್ವದಲ್ಲಿ ಅರೆಯುವುದು, 900 ಡಿಗ್ರಿಗೂ ಮಿಕ್ಕ ಕಾವಿನಲ್ಲಿ ಸುಡುವುದು, ಮತ್ತೆ ಅರೆಯುವುದು, ಬಿಲ್ಲೆಯಾಗಿ ಒತ್ತಿ ಆಮ್ಲಜನಕದಲ್ಲಿ ಮೆಲ್ಲಗೆ ತಣಿಸುವುದು: ರಸವೈದ್ಯರ ಪುಟಪಾಕವೇ ನೆನಪಾಯಿತು. ಆ ಕಪ್ಪು ಬಿಲ್ಲೆಗೆ ನಾಲ್ಕು ತಂತಿಗಳನ್ನು ಜೋಡಿಸಿ, ಎರಡರಿಂದ ವಿದ್ಯುತ್ತು ಹಾಯಿಸಿ, ಉಳಿದೆರಡರಿಂದ ರೋಧವನ್ನು ಅಳೆಯುತ್ತಾರೆ. ಅಷ್ಟೇ ಸಾಲದು. ನಿಜವಾದ ಅತಿವಾಹಕವು ಕಾಂತಕ್ಷೇತ್ರವನ್ನೂ ತನ್ನೊಳಗಿನಿಂದ ಹೊರದೂಡಬೇಕು. ಈ ಗುಣವು 1933ರಲ್ಲಿ ಜರ್ಮನಿಯಲ್ಲಿ ತಿಳಿದುಬಂದಿತು. ತಣಿದ ಬಿಲ್ಲೆಯ ಮೇಲೆ ಪುಟ್ಟ ಅಯಸ್ಕಾಂತವೊಂದು ಆಧಾರವಿಲ್ಲದೆ ತೇಲಿ ನಿಂತುದನ್ನು ನಾವು ಕಣ್ಣಾರೆ ಕಂಡೆವು.

ಬಳಿಕ ಆತನ ಮನೆಗೆ ಪ್ರಸಾದಕ್ಕೆ ಹೋದಾಗ ತಾಯಿಯವರು ಕೇಳಿದರು: “ಗುರುಗಳೇ, ನಾಲ್ಕು ವರ್ಷವಾಯಿತು. ಹುಡುಗ ಹೊಸದೇನನ್ನೂ ಕಂಡುಹಿಡಿದಿಲ್ಲವಂತೆ. ನಮ್ಮ ಯಜಮಾನರಿಗೂ ಮೊದಲಿನ ಹಾಗೆ ತೋಟ ಸುತ್ತಲು ಆಗುವುದಿಲ್ಲ. ವಾಪಸು ಬಾ ಎಂದು ಹೇಳಲೇ?”

ಅವರಿಗೆ ನಾವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎರಡು ಪ್ರಸಂಗಗಳನ್ನು ಹೇಳಿದೆವು. 1987ರಲ್ಲಿ ಪ್ರೊ. ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಯಿಟ್ರಿಯಂ ಆಕ್ಸೈಡಿನ ಮಿಶ್ರಣದಲ್ಲಿ ಅತಿವಾಹಕವಾದ ಘಟಕವು ಯಾವುದೆಂದು ಗುರುತಿಸಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ವಸ್ತುವನ್ನು ಲೋಕದ ನೂರಾರು ಕೈಗಳು ಸಿದ್ಧಪಡಿಸಿ ನೋಡಿದವು. ಎಲ್ಲೆಡೆ ಅದೇ ಫಲ. 2018ರಲ್ಲಿ ಅದೇ ಸಂಸ್ಥೆಯ ಇಬ್ಬರು, ಚಿನ್ನ ಬೆಳ್ಳಿಗಳ ಅತಿಸೂಕ್ಷ್ಮ ರಚನೆಗಳಲ್ಲಿ ಸಾಮಾನ್ಯ ತಾಪದಲ್ಲೇ ಅತಿವಾಹಕತೆಯ ಕುರುಹು ಕಂಡಿತೆಂದು ಪ್ರಕಟಿಸಿದರು. ಪ್ರತ್ಯೇಕ ಅಳತೆಗಳಲ್ಲಿ ಬೇರೆಬೇರೆಯಾಗಿರಬೇಕಾದ ಯಾದೃಚ್ಛಿಕ ಏರಿಳಿತಗಳು ಒಂದೇ ತೆರನಾಗಿರುವುದನ್ನು ಅಮೆರಿಕದ ವಿಜ್ಞಾನಿಯೊಬ್ಬರು ತೋರಿಸಿದರು. 2019ರಲ್ಲಿ ಹೆಚ್ಚಿನ ಅಳತೆಗಳೊಡನೆ ವಿಸ್ತೃತ ಲೇಖನ ಬಂದರೂ ವಿದ್ವತ್ಪ್ರಪಂಚ ಅದನ್ನು ಸಿದ್ಧಾಂತವೆಂದು ಅಂಗೀಕರಿಸಲಿಲ್ಲ. ಇಲ್ಲಿ ಯಾರನ್ನೂ ಹಳಿಯುವುದು ನಮ್ಮ ಉದ್ದೇಶವಲ್ಲ. ಒಬ್ಬನ ನುಡಿ ಪರರ ಕೈಯಲ್ಲಿಯೂ ನಡೆಯಾದಾಗ ಮಾತ್ರ ಅದು ಅರಿವಾಗುತ್ತದೆ.

“ತಾಯಿ, ನಿಮ್ಮ ಮಗನಿಗೂ ಒಮ್ಮೆ ರೋಧ ಸೊನ್ನೆಯೆಂದು ಕಂಡಿತ್ತು. ಆತ ಸಂಭ್ರಮಿಸಿ ಸಾರಲಿಲ್ಲ. ಏಳು ಬಾರಿ ಬಿಲ್ಲೆ ಮಾಡಿ ಅಳೆದ. ಕೊನೆಗೆ, ಅಳೆಯುವ ತಂತಿಯೊಂದು ಸಡಿಲಗೊಂಡಿದ್ದುದು ತಿಳಿಯಿತು. ಆ ವರ್ಷ ಪ್ರಕಟಿಸಲು ಏನೂ ಉಳಿಯಲಿಲ್ಲ” ಎಂದೆವು.

ಆ ತಾಯಿ ಬಹಳ ಹೊತ್ತು ಮೌನವಾಗಿದ್ದು, “ಹಾಗಾದರೆ ಇನ್ನೊಂದು ಕೊಯ್ಲು ನಾವೇ ಹೇಗೋ ಮಾಡಿಕೊಳ್ಳುತ್ತೇವೆ” ಎಂದರು.

ಈ ಬಿಲ್ಲೆಗಳಿಂದ ನಾಳೆಯೇ ನಮ್ಮ ಹಳ್ಳಿಗಳ ಕತ್ತಲೆ ನೀಗೀತೆಂದು ಯಾರೂ ಭ್ರಮಿಸಬೇಕಾಗಿಲ್ಲ. ಆ ವಸ್ತು ಪಿಂಗಾಣಿಯಂತೆ ಪೆಡಸು. ತಂತಿಯಾಗಿ ಎಳೆಯುವುದು ಕಷ್ಟ, ಸದಾ ತಣ್ಣಗಿಡುವುದು ಇನ್ನೂ ಕಷ್ಟ. ಮಳೆಗಾಲದಲ್ಲಿ ಮರ ಬಿದ್ದು ತುಂಡಾಗುವ ತಂತಿಗೆ ಅದು ಮದ್ದೂ ಅಲ್ಲ. ಆದರೂ ವರುಷಗಟ್ಟಲೆ ಪರೀಕ್ಷಿಸಿ, ಇಲ್ಲದ್ದನ್ನು ಇಲ್ಲವೆಂದು ಹೇಳಬಲ್ಲ ಮಕ್ಕಳು ಮನೆಗೂ ಸಮಾಜಕ್ಕೂ ದೊಡ್ಡ ಆಸ್ತಿ. ಅಂತಹ ಮಕ್ಕಳಿರುವ ಬಂಧುಗಳು ‘ಏನು ಕಂಡುಹಿಡಿದೆ?’ ಎಂದು ಕೇಳುವುದಕ್ಕೆ ಮುಂಚೆ ‘ಹೇಗೆ ಒರೆಗೆ ಹಚ್ಚಿದೆ?’ ಎಂದು ಕೇಳಲಿ.