ಟರ್ಬೊ ಮತ್ತು ಕಳೆಯುವ ಲೆಕ್ಕ

ಟರ್ಬೊ ಅಂದ್ರೆ ಎಲ್ರಿಗೂ ನೆನಪಾಗೋದು ಪವರ್ರು. ನನಗೆ ನೆನಪಾಗೋದು ಕಳೆಯುವ ಲೆಕ್ಕ!

ಇಂಜೆಕ್ಟರಿನ ಹಿಂದೆ ಪೆಟ್ರೋಲಿನ ಒತ್ತಡ 3 ಬಾರ್ ಅಂದ್ಕೊಳ್ಳಿ. ಎದುರಿನಿಂದ ಟರ್ಬೊ 0.7 ಬಾರ್ ಗಾಳಿ ಒತ್ತಿದರೆ, ಪೆಟ್ರೋಲು ಚಿಮ್ಮೋಕೆ ಉಳಿಯೋದು 2.3. ಗಾಳಿ ಜಾಸ್ತಿ ಬಂತು, ಪೆಟ್ರೋಲಿನ ಬಲ ಕಮ್ಮಿಯಾಯ್ತು. ಅದಕ್ಕೇ ಬೂಸ್ಟ್ ಏರಿದಷ್ಟೇ ಒತ್ತಡ ಏರಿಸಿ 3.7 ಮಾಡೋ ರೆಗ್ಯುಲೇಟರ್ ಬೇಕು.

ಪೆಟ್ರೋಲು ಸಾಲದಿದ್ದರೆ 'ನಾಕ್' ಶುರು... ಕಿಡಿಯ ಉರಿ ಮುಟ್ಟೋ ಮೊದಲೇ ಮೂಲೆಯ ಮಿಶ್ರಣ ತಾನೇ ಹೊತ್ತಿಕೊಳ್ಳುತ್ತೆ. ಎಂಜಿನ್ ಬ್ಲಾಕಿಗೆ ಬಿಗಿದ ಸೆನ್ಸರು ಸುಮಾರು 7 ಕಿಲೋಹರ್ಟ್ಸಿನ ಆ ನಡುಕ ಹಿಡಿಯುತ್ತೆ, ಇಸಿಯು ಕಿಡಿಯನ್ನು ತಡಮಾಡುತ್ತೆ. ಆದ್ರೆ ಇಲ್ಲದ ಪೆಟ್ರೋಲನ್ನು ಯಾವ ಸೆನ್ಸರೂ ತಂದುಕೊಡಲ್ಲ.

ಇಂಡಿಯಲ್ಲಿರೋ ಮಾವನ ಮಗ ಹಳೇ ಪೆಟ್ರೋಲ್ ಕಾರಿಗೆ ಟರ್ಬೊ ಕೂಡಿಸ್ತೀನಿ ಅಂತಾನೆ. "ಅಣ್ಣಾ, ಈಗಿನ ಪೆಟ್ರೋಲಿನ್ಯಾಗ ಎಥೆನಾಲ್ ಐತಿ, ನಾಕ್ ಆಗಂಗಿಲ್ಲ ಬಿಡು" ಅಂದ. ಅರ್ಧ ನಿಜ. ನಮ್ಮ ಕಬ್ಬಿನಿಂದಲೂ ಬರೋ ಎಥೆನಾಲು ನಾಕ್ ತಡೆಯುತ್ತೆ. ಆದ್ರೆ 1 ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ ಸಾಕಾದ್ರೆ, 1 ಕಿಲೋ ಎಥೆನಾಲಿಗೆ 9 ಕಿಲೋ ಮಾತ್ರ. ಅಂದ್ರೆ ಅದೇ ಗಾಳಿಗೆ ಇನ್ನೂ ಹೆಚ್ಚು ಇಂಧನ ಬೇಕು. ಮೇಲೆ 40 ಡಿಗ್ರಿ ದಾಟೋ ನಮ್ಮ ಬೇಸಿಗೆ!

ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ... ನೆಂಟರ ಮದುವೆಗೆಲ್ಲ ಅತ್ತೆ-ಮಾವ ಹೋಗೋದು ಅದೇ ಕಾರಲ್ಲಿ. ಪಿಸ್ಟನ್ ತೂತಾದ್ರೆ ಗ್ಯಾರೇಜಿನಲ್ಲಿ ಹೊಸದು ಸಿಗುತ್ತೆ. ಆದ್ರೆ ನಡು ಮಧ್ಯಾಹ್ನ, ನೆರಳಿಲ್ಲದ ಎರೆಹೊಲದ ದಾರೀಲಿ ಅವರನ್ನ ನಿಲ್ಲಿಸೋ ಪವರ್ರು ಯಾರಿಗೆ ಬೇಕು ಹೇಳಿ?