ಕೈಕೊಡುವ ಕಿಡಿ

ಡೀಸೆಲ್ ಟ್ರ್ಯಾಕ್ಟರುಗಳನ್ನೇ ಕಂಡು ಬೆಳೆದ ನಮಗೆ ಟ್ರ್ಯಾಕ್ಟರಿಗೂ ಕಿಡಿ ಬೇಕಾದೀತೆಂಬುದೇ ತಡವಾಗಿ ತಿಳಿದ ಸಂಗತಿ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿ ಕಾಯಿಸಿದರೆ ಸಾಕು, ಇಂಧನ ತಾನಾಗಿ ಹೊತ್ತಿಕೊಳ್ಳುತ್ತದೆ. ಆದರೆ 1939ರಲ್ಲಿ ಅಮೆರಿಕದಲ್ಲಿ ಹೊರಬಂದ ಫೋರ್ಡ್ 9ಎನ್ ಪೆಟ್ರೋಲಿನದು. ಮಳೆಗಾಲದ ಬೆಳಗಿನಲ್ಲಿ ಸ್ಕೂಟರಿನ ಪ್ಲಗ್ ಬಿಚ್ಚಿ ಉಜ್ಜಿದವರಿಗೆ ಅದರ ಗೋಳು ಅರ್ಥವಾದೀತು.

ಕಿಡಿ ಬಲವಾಗಿರಬೇಕಾದದ್ದು ಎಂಜಿನ್ ಹೊರಡುವ ಗಳಿಗೆಯಲ್ಲಿ. ಅದು ಬಡವಾಗುವುದೂ ಆ ಗಳಿಗೆಯಲ್ಲಿಯೇ. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗಿರುವುದಿಲ್ಲ. ಬ್ಯಾಟರಿಯೋ 6 ವೋಲ್ಟಿನದು. ಸ್ಟಾರ್ಟರ್ ಮೋಟಾರು ತಿರುಗತೊಡಗಿದೊಡನೆ ಆ ಆರೂ ಕುಸಿದು, ಕಾಯಿಲ್‌ಗೆ ದಕ್ಕುವುದು ಎಂಜಲು. ಇದಕ್ಕೆ ಫೋರ್ಡಿನವರು ಹೂಡಿದ ಉಪಾಯ ನಮಗೆ ಬಹಳ ಮೆಚ್ಚಿಗೆ: ಕಾಯಿಲ್‌ನ ದಾರಿಯಲ್ಲೊಂದು ರೆಸಿಸ್ಟರ್. ತಣ್ಣಗಿರುವಾಗ ಅದರ ತಡೆ ಕಡಿಮೆ, ಹೊರಡುವಾಗ ವಿದ್ಯುತ್ತು ಧಾರಾಳ. ಬಿಸಿಯೇರಿದಂತೆ ತಡೆ ಹೆಚ್ಚಿ ಕಾಯಿಲ್ ಸುಡದಂತೆ ಕಾಪಾಡುತ್ತದೆ.

ಕಿಡಿ ಸೋತೊಡನೆ ಹೆಚ್ಚು ಬಲದ ಕಾಯಿಲ್ ಕೊಳ್ಳಲು ಓಡುವವರುಂಟು. ದಂಡ. ಮೊದಲು ನೋಡಬೇಕಾದದ್ದು ಕೇಬಲ್. 6 ವೋಲ್ಟಿನಲ್ಲಿ ಅಷ್ಟೇ ಕೆಲಸಕ್ಕೆ 12 ವೋಲ್ಟಿಗಿಂತ ಇಮ್ಮಡಿ ವಿದ್ಯುತ್ತು ಹರಿಯಬೇಕು. ಈಗಿನ ಕಾರುಗಳ ತೆಳು ಕೇಬಲ್ ಹಾಕಿದರೆ ಶಕ್ತಿ ದಾರಿಯಲ್ಲಿಯೇ ಶಾಖವಾಗಿ ಸೋರಿಹೋಗುತ್ತದೆ. ಅರ್ತಿಂಗ್ ಕೂಡುವೆಡೆ ಬಣ್ಣ, ತುಕ್ಕು ಕೆರೆದು ಲೋಹ ಕಾಣಬೇಕು. ಕಾಂಟ್ಯಾಕ್ಟ್ ಪಾಯಿಂಟುಗಳು ಶುಚಿಯಾಗಿದ್ದು, ತೆರೆದಾಗ ನಡುವಣ ಅಂತರ 0.015 ಅಂಗುಲವಿರಬೇಕು.

ಯುದ್ಧಕಾಲದ ಅಭಾವದಲ್ಲಿ, 1942ರಲ್ಲಿ ಬಂದ 2ಎನ್‌ನ ಹಲವಕ್ಕೆ ಬ್ಯಾಟರಿಯೂ ಇರಲಿಲ್ಲ, ರಬ್ಬರ್ ಟಯರೂ ಇರಲಿಲ್ಲ. ಉಕ್ಕಿನ ಗಾಲಿ, ಮ್ಯಾಗ್ನೆಟೊ, ಕೈಯಿಂದ ತಿರುಗಿಸುವ ಹ್ಯಾಂಡಲ್. ಮ್ಯಾಗ್ನೆಟೊದ ಕಿಡಿ ಅದು ಸುತ್ತುವ ವೇಗವನ್ನು ಅವಲಂಬಿಸಿದ್ದು. ಮನುಷ್ಯನ ತೋಳಿಗೆ ಅಷ್ಟು ವೇಗವೆಲ್ಲಿಯದು? ಕಿಡಿ ಬಡವಾದರೆ ಹೋಗಲಿ, ಪಿಸ್ಟನ್ ಮೇಲೇರುವ ಮೊದಲೇ ಬಿದ್ದರೆ ಎಂಜಿನ್ ಹಿಮ್ಮುಖವಾಗಿ ಒದೆದು ಮಣಿಕಟ್ಟು ಮುರಿಯುತ್ತದೆ. ಆದ್ದರಿಂದಲೇ ಇಂಥ ಮ್ಯಾಗ್ನೆಟೊಗಳಿಗೆ ಇಂಪಲ್ಸ್ ಕಪ್ಲಿಂಗ್ ಎಂಬ ಸ್ಪ್ರಿಂಗಿನ ಜೋಡಣೆ. ನಿಧಾನವಾಗಿ ತಿರುಗಿಸುವಾಗ ಅದು ಮ್ಯಾಗ್ನೆಟೊವನ್ನು ತಡೆದು ನಿಲ್ಲಿಸಿ, ಸ್ಪ್ರಿಂಗ್ ಬಿಗಿದ ಮೇಲೆ ‘ಟಕ್’ ಎಂದು ಒಮ್ಮೆಲೇ ಬಿಡುತ್ತದೆ. ಕಿಡಿ ಬಲವಾಗಿಯೂ ಬರುತ್ತದೆ, ತಡವಾಗಿಯೂ ಬರುತ್ತದೆ. ಎಂಜಿನ್ ವೇಗ ಹಿಡಿದೊಡನೆ ಸದ್ದು ತಾನಾಗಿ ಅಡಗುತ್ತದೆ.

ಬಲ್ಲವರು ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಹ್ಯಾಂಡಲನ್ನು ಮೇಲಕ್ಕೆ ಎಳೆಯುತ್ತಾರೆ, ಕೆಳಕ್ಕೆ ಒತ್ತುವುದಿಲ್ಲ. ಅದಕ್ಕೂ ಮೊದಲು, ಇಗ್ನಿಷನ್ ಆಫ್ ಮಾಡಿ ಒಂದೆರಡು ಸುತ್ತು ಮೆಲ್ಲನೆ ತಿರುಗಿಸಿ ಕಿವಿಗೊಡುತ್ತಾರೆ. ‘ಟಕ್’ ಕೇಳಿಸದಿದ್ದರೆ ಹಳೆಯ ಎಣ್ಣೆ ಗಟ್ಟಿಯಾಗಿ ಕಪ್ಲಿಂಗ್ ಅಂಟಿಕೊಂಡಿರಬಹುದು. ಅಂದು ಹ್ಯಾಂಡಲ್ ಕೆಳಗಿಟ್ಟು ಸ್ಪ್ಯಾನರ್ ಹಿಡಿಯುವ ದಿನ.